ಕೋಲಿನ ಬುಡ

ಭದ್ರಾವತಿಯ ಸುಣ್ಣದಗೂಡು ಕೇರಿಯ ಚೌಡಯ್ಯ ಇಪ್ಪತ್ತೆರಡು ವರ್ಷ ಕೋಲು ಹಿಡಿದ. ಹಿಡಿದ ಕೋಲು ಅವನದಲ್ಲ. ನಿಂತ ನೆಲವೂ ಅವನದಲ್ಲ. ಬಿಸಿಲು ಮಾತ್ರ ಅವನದು.

ರಸ್ತೆಯಾಗಲಿ ಚರಂಡಿಯಾಗಲಿ, ಮಾಡುವ ಮೊದಲು ನೆಲದ ಏರುತಗ್ಗು ಅಳೆಯಬೇಕು. ಒಬ್ಬ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನಿನಂಥ ಮಿಷನ್ ಇಟ್ಟು ಕಣ್ಣು ಹಚ್ಚುತ್ತಾನೆ. ಇನ್ನೊಬ್ಬ ದೂರದಲ್ಲಿ ಅಂಕಿ ಬರೆದ ಉದ್ದನೆಯ ಕೋಲು ಹಿಡಿದು ನಿಲ್ಲುತ್ತಾನೆ. ಆ ಕೋಲಿಗೆ ಆಫೀಸಿನವರು 'ಸ್ಟಾಫ್' ಅನ್ನುತ್ತಾರೆ. ನೋಡುವವನು ಎಂಜಿನಿಯರ್. ನಿಲ್ಲುವವನು ಚೌಡಯ್ಯ. ಕೋಲು ನಿಂತ ಜಾಗ ತಗ್ಗಾದಷ್ಟೂ ಗಾಜಿನಲ್ಲಿ ಕಾಣುವ ಅಂಕಿ ದೊಡ್ಡದು. ಇಷ್ಟೇ ವಿದ್ಯೆ. ಈ ವಿದ್ಯೆಯ ಮೇಲೆ ಊರಿನ ನೀರೆಲ್ಲ ಎತ್ತ ಹೋಗಬೇಕು ಅನ್ನುವುದು ನಿಂತಿದೆ.

ಕೆಲಸ ಕಲಿಸಿದವರು ಶಿವಮೊಗ್ಗದ ಶಿವಮೂರ್ತಪ್ಪನವರು. ಆಲ್ಕೊಳ ಸರ್ಕಲ್ಲಿನ ಹತ್ತಿರ ಮಹಡಿಯ ಮೇಲೆ ಅವರ ಆಫೀಸು. ವಿಭೂತಿಯ ಮನುಷ್ಯ, ಬಾಯಿ ಬಿರುಸು. ಮೊದಲ ದಿನವೇ ಹೇಳಿದ್ದರು: "ಚೌಡಾ, ಕೋಲು ಇಡೋ ಮುಂಚೆ ಅದರ ಬುಡ ಒರೆಸು. ಬುಡದಲ್ಲಿ ಒಂದು ಹೆಂಟೆ ಮಣ್ಣು ಅಂಟಿದ್ರೂ ಲೆಕ್ಕ ಸುಳ್ಳಾಗುತ್ತೆ. ನಿನ್ನ ಹೆಂಟೆ ಮಣ್ಣಿಗೆ ಇನ್ನೊಬ್ಬನ ಮನೆ ಮುಳುಗುತ್ತೆ." ಅಂದಿನಿಂದ ಚೌಡಯ್ಯ ಪ್ರತಿ ಸಲ ಟವಲಿನ ತುದಿಯಿಂದ ಬುಡ ಒರೆಸುತ್ತಿದ್ದ. ಸಾವಿರ ಸಲವೋ, ಲಕ್ಷ ಸಲವೋ. ದೇವರ ಪಾದ ಒರೆಸಿದ ಹಾಗೆ. ಅದು ಅವನಿಗೆ ಜಪವೇ ಆಗಿತ್ತು.

ಆದರೆ ಮಿಷನ್ನಿನ ಗಾಜಿಗೆ ಅವನು ಒಂದು ದಿನವೂ ಕಣ್ಣು ಹಚ್ಚಲಿಲ್ಲ. ಹೆಗಲ ಮೇಲೆ ಹೊತ್ತು ತರಬಹುದು. ಬಟ್ಟೆಯಲ್ಲಿ ಒರೆಸಬಹುದು. ನೋಡಬಾರದು. ಯಾರೂ ಬರೆದಿಟ್ಟ ಕಾನೂನಲ್ಲ ಅದು. ಎಲ್ಲರಿಗೂ ಗೊತ್ತಿತ್ತು, ಅಷ್ಟೆ. ಹಳೇ ಕಾಲದ ಮಿಷನ್, ಅದರೊಳಗೆ ಎಲ್ಲವೂ ತಲೆಕೆಳಗು ಕಾಣುತ್ತದೆ ಎಂದು ಕೇಳಿ ಬಲ್ಲ. ಇಪ್ಪತ್ತೆರಡು ವರ್ಷ ಸಾಹೇಬರ ಕಣ್ಣಿಗೆ ತಾನು ಕಾಲು ಮೇಲೆ ಮಾಡಿ ನೇತಾಡಿದವನೇ ಎಂದು ಒಮ್ಮೊಮ್ಮೆ ನಗು ಬರುತ್ತಿತ್ತು.

ಶಿವಮೂರ್ತಪ್ಪನವರು ಲಿಂಗೈಕ್ಯರಾದರು. ಮಗ ಪ್ರಸನ್ನಕುಮಾರ್ ಬಂದ. ಆಫೀಸಿಗೆ ಎ.ಸಿ. ಬಂತು, ಕಂಪ್ಯೂಟರ್ ಬಂತು. ಚೌಡಯ್ಯನ ದಿನಗೂಲಿ ದಿನಗೂಲಿಯಾಗಿಯೇ ಉಳಿಯಿತು.

ಆಮೇಲೆ ಭದ್ರಾವತಿಯಲ್ಲಿ ಮಾದರಿ ರಸ್ತೆಯ ಕೆಲಸ ಬಂತು. ಸುಣ್ಣದಗೂಡು ಕೇರಿಯ ಮುಂದೆಯೇ ಹಾದು ಹೋಗುವ ರಸ್ತೆ. ಎರಡೂ ಕಡೆ ಬಣ್ಣದ ಹಾಸುಬಿಲ್ಲೆ, ಅದರಡಿ ಮುಚ್ಚಿದ ಚರಂಡಿ, ಕಲ್ಲಿನ ಬೆಂಚು, ಸಾಲುಗಿಡ. ಚರಂಡಿಯ ನೀರು ಕೇರಿ ದಾಟಿ ಮುಂದಿನ ಮೋರಿಗೆ ಹೋಗಿ ಅಲ್ಲಿಂದ ಹೊಳೆ ಸೇರಬೇಕು.

ಎರಡು ಸಾವಿರದ ಒಂದನೇ ಇಸವಿ, ಅಳತೆಯ ದಿನ. ಭದ್ರಾವತಿಯ ಸರ್ಕಲ್ಲಿನಿಂದ ಕೇರಿಯ ಬಾಯಿಯ ತನಕ ಅಳೆದದ್ದಾಯಿತು. ಅಲ್ಲಿಗೆ ಪ್ರಸನ್ನಕುಮಾರ್ ಮೂಗಿಗೆ ಕರ್ಚೀಫು ಹಿಡಿದ.

"ಇಲ್ಲಿಂದ ಮೋರಿ ತನಕ ಇರೋ ನಾಲ್ಕು ಪಾಯಿಂಟ್ ನಾನು ಹಾಕ್ಕೋತೀನಿ. ಗಂಟುಕಟ್ಟು."

"ಸ್ವಾಮಿ, ಇಲ್ಲಿ ತಗ್ಗೈತೆ," ಅಂದ ಚೌಡಯ್ಯ. "ನಾನು ಹುಟ್ಟಿದ ಜಾಗ. ಮೋರಿಗಿಂತ ಇದೇ ತಗ್ಗು. ಮಳೇಲಿ ನೀರು ಹಿಂದಕ್ಕೆ ಬರುತ್ತೆ."

"ಎಂಜಿನಿಯರ್ ನೀನೋ ನಾನೋ? ಕೋಲು ಹಿಡಿಯೋನು ಕೋಲು ಹಿಡಿ."

ಅವನು ಕಾರಿನಲ್ಲಿ ಕೂತ. ಬಾಗಿಲು ಹಾಕಿಕೊಂಡ. ತೊಡೆಯ ಮೇಲೆ ಅಳತೆಯ ಪುಸ್ತಕ ಇಟ್ಟುಕೊಂಡು, ಅಳೆಯದೆಯೇ, ನಾಲ್ಕು ಅಂಕಿ ಬರೆದ. ಚೌಡಯ್ಯ ಕೋಲು ಹಿಡಿದು ಕಾರಿನ ಹೊರಗೆ ನಿಂತಿದ್ದ. ಗಾಜಿನ ಆಚೆ ಪೆನ್ನು ಓಡುವುದು ಕಾಣುತ್ತಿತ್ತು. ನೂರಿಪ್ಪತ್ತು ಮನೆಗಳ ಹಣೆಬರಹ ಬರೆಯಲು ಹೆಚ್ಚೆಂದರೆ ಎರಡು ನಿಮಿಷ.

ಅದಾಗಿ ಒಂದು ತಿಂಗಳಿಗೆ 'ಜನರೊಂದಿಗೆ ಸಮಾಲೋಚನೆ' ನಡೆಯಿತು. ಅದು ನಡೆದದ್ದು ಶಾಮಿಯಾನದಲ್ಲಿ, ಸರ್ಕಲ್ಲಿನ ಹತ್ತಿರ. ಕುರ್ಚಿ ಹೊತ್ತವನು ಚೌಡಯ್ಯ. ನಕ್ಷೆ ನೇತುಹಾಕಿದವನೂ ಅವನೇ. ಫೋಟೋದವನು ಮುಂದಿನ ಸಾಲು ಖಾಲಿ ಕಾಣ್ತಿದೆ ಅಂದ. ವರ್ಕ್ ಇನ್‌ಸ್ಪೆಕ್ಟರ್ ಶಿವಕುಮಾರ್ ಚೌಡಯ್ಯನ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದ.

"ನಕ್ಷೆ ಕಡೆ ಬೆರಳು ತೋರ್ಸು ಮಾರಾಯ. ಏನೋ ಕೇಳೋ ಹಂಗೆ ಬಾಯಿ ತೆಗಿ."

ಚೌಡಯ್ಯ ಬಾಯಿ ತೆಗೆದ. ಫೋಟೋ ಹೊಡೆದರು. ನಿಜವಾಗಿಯೂ ಕೇಳೋಣ ಅಂತ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಶಿವಕುಮಾರ್ ಭುಜ ತಟ್ಟಿದ. "ಏಳು ಏಳು, ಕೌನ್ಸಿಲರ್ ಬಂದ್ರು."

ಚೌಡಯ್ಯ ಎದ್ದ. ಟವಲಿನಿಂದ ಕುರ್ಚಿ ಒರೆಸಿದ. ಆಮೇಲೆ ಟೀ ಕೊಟ್ಟ.

ರಸ್ತೆ ಆಯಿತು. ಚೆಂದವೇ ಆಯಿತು, ಸುಳ್ಳು ಹೇಳಬಾರದು. ಸಂಜೆ ಹೊತ್ತು ಫ್ಯಾಕ್ಟರಿ ಕ್ವಾಟ್ರಸ್ಸಿನ ಮುದುಕರು ಬಂದು ಬೆಂಚಿನ ಮೇಲೆ ಕೂತು ತಮಿಳಿನಲ್ಲಿ ಹಳೇ ಪಾಳಿಗಳ ಕಥೆ ಹೇಳುತ್ತಿದ್ದರು. ಆದರೆ ಮೊದಲ ಮಳೆಗಾಲದಲ್ಲೇ ಬಣ್ಣದ ಬಿಲ್ಲೆಯ ಅಡಿಯಿಂದ ಕಪ್ಪು ನೀರು ಮೋರಿಗೆ ಹೋಗದೆ ಕೇರಿಗೆ ತಿರುಗಿತು. ಒಲೆಯೊಳಗೆ ಬಂತು. ರಾಗಿ ಗುಡಾಣದೊಳಗೆ ಬಂತು. ಚೌಡಯ್ಯನ ಹೆಂಡತಿ ಕಾಶಮ್ಮ ಮೂರು ರಾತ್ರಿ ಮಂಚದ ಮೇಲೆ ಕೋಳಿಗಳ ಜೊತೆ ಕೂತಳು.

"ನೀನೇ ಅಳತೆ ಮಾಡಿದ ರಸ್ತೆ ಅಲ್ವಾ ಇದು?" ಅಂದಳು. "ಕೈ ಮುಗೀಬೇಕು ನಿಂಗೆ."

ಚೌಡಯ್ಯ ಬಕೆಟ್ ಎತ್ತಿಕೊಂಡ. ನೀರು ತೋಡಿದ. ಬೆಳಿಗ್ಗೆ ಏಳರ ಬಸ್ಸಿಗೆ ಶಿವಮೊಗ್ಗಕ್ಕೆ ಹೋದ. ಮತ್ತೆ ಬಂದು ನೀರು ತೋಡಿದ. ಮನುಷ್ಯನಿಗೆ ಸಿಟ್ಟು ಬರಲು ಕೂಡ ಸ್ವಲ್ಪ ತ್ರಾಣ ಬೇಕು.

ಮುಂದಿನ ಬೇಸಿಗೆಗೆ ಹೊಸ ಸುದ್ದಿ ಬಂತು. ಎಂಜಿನಿಯರುಗಳ ಸಂಘವೊಂದು ಒಳ್ಳೆಯ ನಗರ ವಿನ್ಯಾಸಕ್ಕೆ ಪ್ರಶಸ್ತಿ ಕೊಡುತ್ತದಂತೆ. ಮಾದರಿ ರಸ್ತೆ ಕೊನೆಯ ಸುತ್ತಿಗೆ ಬಂದಿದೆ. ನೋಡಲು ಬರುವವರು ಷಡಕ್ಷರಪ್ಪನವರು, ರಿಟೈರ್ಡ್ ಚೀಫ್ ಎಂಜಿನಿಯರ್. ಮುದುಕರು ಬರೀ ಫೋಟೋ ನೋಡಿ ಒಪ್ಪುವವರಲ್ಲ. ಚರಂಡಿಯ ಲೆವೆಲ್ ಎದುರಿಗೇ ತೋರಿಸಬೇಕು, ಕೇರಿ ಬಾಯಿಯಲ್ಲಿ ಒಂದು, ಮೋರಿಯಲ್ಲಿ ಒಂದು ಎಂದು ಕಾಗದ ಬರೆದಿದ್ದರು.

ಪ್ರಸನ್ನಕುಮಾರ್ ಚೌಡಯ್ಯನನ್ನು ಎ.ಸಿ. ರೂಮಿಗೆ ಕರೆದ. ಮೊದಲ ಸಲ.

"ಚೌಡಯ್ಯ, ನಮ್ಮಪ್ಪನ ಕಾಲದ ಮನುಷ್ಯ ನೀನು. ಈ ಪ್ರಶಸ್ತಿ ಬರ್ಲಿ, ನಿನ್ನ ತಿಂಗಳ ಸಂಬಳಕ್ಕೆ ಹಾಕ್ತೀನಿ. ಶನಿವಾರ ಶಿವಕುಮಾರ್ ಹೇಳಿದ ಹಾಗೆ ಮಾಡು, ಸಾಕು."

ಶಿವಕುಮಾರ್ ಹೊರಗೆ ಬಂದು ಬಿಡಿಸಿ ಹೇಳಿದ. "ಚರಂಡಿ ಒಳಗೆ ಒಂದು ಕಲ್ಲು ಇಟ್ಟಿರ್ತೀನಿ. ಒಳಗೆ ಕತ್ಲು, ಯಾರಿಗೂ ಕಾಣಲ್ಲ. ನೀನು ಇಳಿದು ಅದರ ಮೇಲೆ ಸ್ಟಾಫ್ ಇಡು. ತಗ್ಗು ಮುಚ್ಚಿಹೋಗುತ್ತೆ, ರೀಡಿಂಗ್ ಡ್ರಾಯಿಂಗಿಗೆ ಸರಿ ಬರುತ್ತೆ. ಒಂದು ನಿಮಿಷದ ಕೆಲ್ಸ ಮಾರಾಯ."

ಚೌಡಯ್ಯ ಹೂಂ ಅಂದ. ಅವನಿಗೆ ಐವತ್ತೊಂದು ವರ್ಷ. ಹೂಂ ಅನ್ನುವುದು ನಾಲಿಗೆಗೆ ಅಭ್ಯಾಸವಾಗಿತ್ತು.

ಶುಕ್ರವಾರ ಬೆಳಿಗ್ಗೆಯಿಂದ ಅವನು ಚರಂಡಿಯೊಳಗಿದ್ದ. ಅತಿಥಿಗಳಿಗೆ ವಾಸನೆ ಬರಬಾರದು, ನಿಂತ ನೀರು ತೋಡಬೇಕು. ಇಳಿಯುವ ಬಾಯಿ ಒಂದೂವರೆ ಅಡಿ ಚೌಕ. ಬಿಲ್ಲೆಯ ಚಿತ್ತಾರ ಕೆಡಬಾರದೆಂದು ಅಷ್ಟೇ ಬಿಟ್ಟಿದ್ದರು. ಅದರೊಳಗೆ ಮನುಷ್ಯ ಇಳಿಯಬೇಕಾಗುತ್ತದೆ ಎಂದು ಡ್ರಾಯಿಂಗ್ ಬರೆದವರಿಗೆ ಹೊಳೆದಿರಲಿಲ್ಲ. ಒಂದು ಕೈ ಮೇಲೆತ್ತಿ, ಹೆಗಲು ಓರೆ ಮಾಡಿ ಇಳಿಯಬೇಕು. ಇಳಿಯುವಾಗಲೂ ಹತ್ತುವಾಗಲೂ ಸಿಮೆಂಟಿನ ಅಂಚು ಚರ್ಮ ತೆಗೆಯುತ್ತಿತ್ತು. ಬಕೆಟ್ಟಿಗೆ ಬಕೆಟ್ಟು ಮೇಲೆ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಅವನ ವಾಸನೆ ಅವನಿಗೇ ತಿಳಿಯದಾಯಿತು. ಆಮೇಲೆ ಶಿವಕುಮಾರ್ ಅವನನ್ನು ಮಿಷನ್ ತರಲು ಶಿವಮೊಗ್ಗಕ್ಕೆ ಕಳಿಸಿದ. ಬಸ್ಸಿನಲ್ಲಿ ಕಂಡಕ್ಟರ್ ದೂರದಿಂದಲೇ ಟಿಕೆಟ್ ಚಾಚಿದ.

ಸಂಜೆ ಅವನು ಮಿಷನ್ ಹೊತ್ತು ಮನೆಗೆ ಬಂದಾಗ ಕೇರಿಯ ಬಾಯಿಯ ಬೇವಿನ ಮರದಡಿ ಹೆಂಗಸರು ಗುಂಪುಗೂಡಿದ್ದರು. ಕಾಶಮ್ಮ ಎಣ್ಣೆಯ ಗಿಂಡಿ ಹಿಡಿದು ನಿಂತಿದ್ದಳು.

"ಚೌಡಮ್ಮನ ದೀಪದ ಕಲ್ಲು ಕಾಣ್ತಿಲ್ಲ," ಅಂದಳು. "ಶುಕ್ರವಾರದ ದಿನವೇ ಹೋಗೈತೆ. ಯಾವ ಮುಂಡೇಮಗ ಹೊತ್ತನೋ."

ಆ ಕೇರಿಗೆ ಗುಡಿ ಇಲ್ಲ. ಬೇವಿನ ಮರ ಇದೆ. ಅದರಡಿ ಮುಕ್ಕಾಲು ಮೊಳದ ಒಂದು ನಿಲುಗಲ್ಲು, ತಲೆಯ ಮೇಲೆ ಅಂಗೈಯಷ್ಟು ಕುಳಿ. ಶುಕ್ರವಾರ ಶುಕ್ರವಾರ ಕುಳಿಗೆ ಎಣ್ಣೆ ಹಾಕಿ ಬತ್ತಿ ಹಚ್ಚುತ್ತಾರೆ. ತಲೆಮಾರುಗಳ ಎಣ್ಣೆ ಕುಡಿದು ಕಲ್ಲು ಕಪ್ಪಗೆ ನುಣ್ಣಗಾಗಿತ್ತು. ಹುಟ್ಟಿದ ಮಗುವನ್ನು ಮೊದಲು ಅದರ ಮುಂದೆ ಮಲಗಿಸುತ್ತಾರೆ. ಹೋದವರ ಹೆಸರನ್ನೂ ಅದರ ಮುಂದೆಯೇ ಹೇಳುತ್ತಾರೆ. ಆ ಸಂಜೆ ಬತ್ತಿಯನ್ನು ಬರಿ ನೆಲದ ಮೇಲೆ ಹಚ್ಚಿದರು. ಗಾಳಿಗೆ ನಿಲ್ಲಲಿಲ್ಲ.

ಶನಿವಾರ ಹತ್ತು ಗಂಟೆಗೆ ಕಾರುಗಳು ಬಂದವು. ಷಡಕ್ಷರಪ್ಪನವರು ಬಿಳಿ ಅಂಗಿಯ ಸಣ್ಣ ಮನುಷ್ಯ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಪ್ರಸನ್ನಕುಮಾರ್ ಅಚ್ಚು ಹಾಕಿಸಿದ ಬಣ್ಣದ ಪುಸ್ತಕ. ಮಿಷನ್ನಿನ ಹತ್ತಿರ ನಿಂತವಳು ಅಕ್ಷರಾ, ಆ ವರ್ಷ ಸೇರಿದ ಎಂಜಿನಿಯರ್ ಹುಡುಗಿ. ಕಲ್ಲಿನ ವಿಚಾರ ಅವಳಿಗೆ ಯಾರೂ ಹೇಳಿರಲಿಲ್ಲ.

ಮೊದಲು ಮೋರಿ. ಚೌಡಯ್ಯ ಬುಡ ಒರೆಸಿ ಕೋಲು ನಿಲ್ಲಿಸಿದ. ಅಕ್ಷರಾ ಕೂಗಿದಳು: "ಎರಡು ಅರವತ್ತು." ಅಂದರೆ ಎರಡು ಮೀಟರು ಅರವತ್ತು ಸೆಂಟಿಮೀಟರು, ಡ್ರಾಯಿಂಗಿನಲ್ಲಿ ಇದ್ದದ್ದೂ ಅಷ್ಟೇ. ಷಡಕ್ಷರಪ್ಪನವರು ತಲೆಯಾಡಿಸಿದರು.

"ಈಗ ಕೇರಿ ಹತ್ತಿರದ್ದು. ಅದು ಎರಡು ಐವತ್ತು ಬರಬೇಕು. ಬಂದ್ರೆ ನೀರು ಮೋರಿಗೆ ಹೋಗ್ತಿದೆ ಅಂತ ಅರ್ಥ."

ಚೌಡಯ್ಯ ಚಪ್ಪಡಿ ಸರಿಸಿದ. ಒಂದು ಕೈ ಮೇಲೆತ್ತಿ ಇಳಿದ. ನಿನ್ನೆ ತೋಡಿದ ನೀರು ರಾತ್ರಿಯೇ ತಿರುಗಿ ಬಂದಿತ್ತು. ಕತ್ತಲೆ. ಕಾಲಿನಲ್ಲಿ ತಡಕಿದ. ಕಲ್ಲು ಸಿಕ್ಕಿತು, ನೀರಿನಿಂದ ನಾಲ್ಕು ಬೆರಳು ಮೇಲೆ. ಬಲಗಾಲಿನ ಅಂಗಾಲನ್ನು ಅದರ ತಲೆಯ ಮೇಲೆ ಇಟ್ಟ.

ಅಂಗಾಲು ಜಾರಿತು. ಎಣ್ಣೆ.

ಹೆಬ್ಬೆರಳು ಒಂದು ಕುಳಿಯೊಳಗೆ ಇಳಿಯಿತು. ಅಂಗೈಯಷ್ಟು ಕುಳಿ. ಅದರ ಅಂಚು, ಅದರ ಒಂದು ಕಡೆಯ ಸೀಳು, ಎಲ್ಲ ಅವನಿಗೆ ಗೊತ್ತು. ಕೈಗೆ ಗೊತ್ತಿದ್ದದ್ದು ಈಗ ಕಾಲಿಗೆ ಗೊತ್ತಾಯಿತು.

ಚೌಡಯ್ಯ ಕೆಂಡ ತುಳಿದವನ ಹಾಗೆ ಕಾಲು ತೆಗೆದ.

ಶಿವಕುಮಾರನಿಗೆ ಅದು ದೇವರ ಕಲ್ಲೆಂದು ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ಅವನು ಕೇರಿಯೊಳಗೆ ಒಂದು ದಿನವೂ ಕಾಲಿಟ್ಟವನಲ್ಲ. ಕೇರಿಯ ಬಾಯಿಯಲ್ಲಿ ಮರ, ಮರದಡಿ ಅಳತೆಗೆ ಸರಿಯಾದ ಕಲ್ಲು. ನಿನ್ನೆ ಚೌಡಯ್ಯ ಮಿಷನ್ ತರಲು ಹೋದಾಗ ಇಬ್ಬರು ಆಳುಗಳಿಂದ ಎತ್ತಿಸಿದ. ಆಫೀಸಿನವರು ಎಂದೂ ನೆಲ ನೋಡಿದವರಲ್ಲ. ಅಳತೆ ಮಾತ್ರ ನೋಡಿದವರು.

"ಆಯ್ತೇನೋ?" ಮೇಲಿಂದ ಪ್ರಸನ್ನಕುಮಾರ್ ಕೇಳಿದ.

ಚೌಡಯ್ಯ ಕತ್ತಲೆಯಲ್ಲಿ ನಿಂತಿದ್ದ. ಹೂಂ ಅನ್ನಲು ಬಾಯಿ ತೆರೆದ. ಬರಲಿಲ್ಲ. ಹೇಲಿನ ನೀರಿನಲ್ಲಿ ತಾಯಿ ನಿಂತಿದ್ದಾಳೆ. ಅವಳ ತಲೆಯ ಮೇಲೆ ಕೋಲು ಊರಿ, ಅವಳ ಮಕ್ಕಳ ಮನೆ ಮುಳುಗುವುದಿಲ್ಲ ಎಂದು ಸಾಕ್ಷಿ ಹೇಳಬೇಕು. ಹೇಳಬೇಕಾದವನು ತಾನು.

ಕೋಲನ್ನು ಎತ್ತಿದ. ಹೆಗಲ ಟವಲಿನ ತುದಿ ಎಳೆದು ಬುಡ ಒರೆಸಿದ. ಒಂದು ಸಲ, ಎರಡು ಸಲ. ಕಲ್ಲಿನ ಪಕ್ಕದಲ್ಲಿ ನೀರಿನೊಳಗೆ, ಚರಂಡಿಯ ತಳಕ್ಕೆ ಇಳಿಸಿದ. ತಳ ತಾಗಿದ ಸದ್ದು ಅವನಿಗೊಬ್ಬನಿಗೆ ಕೇಳಿಸಿತು.

"ಓದ್ರಮ್ಮ," ಅಂದ.

ಅಕ್ಷರಾ ಕಣ್ಣು ಹಚ್ಚಿದಳು. ಗಾಜು ಒರೆಸಿದಳು. ಮತ್ತೆ ಹಚ್ಚಿದಳು.

"ಎಷ್ಟಮ್ಮ?" ಷಡಕ್ಷರಪ್ಪನವರು ಕೇಳಿದರು.

ಅವಳು ಪ್ರಸನ್ನಕುಮಾರನ ಮುಖ ನೋಡಿದಳು. "ಎರಡು... ಎಂಬತ್ತೈದು ಸಾರ್."

"ನೆಟ್ಟಗೆ ಹಿಡಿಯೋ!" ಪ್ರಸನ್ನಕುಮಾರ್ ಕಿರುಚಿದ. "ಕುಡಿದಿದೀಯಾ? ಸ್ಟಾಫ್ ವಾಲಿಸಿದಾನೆ ಸಾರ್, ವಾಲಿದ್ರೆ ರೀಡಿಂಗ್ ಜಾಸ್ತಿ ಬರುತ್ತೆ."

"ವಾಲಿದ್ರೆ ಜಾಸ್ತಿ ಬರುತ್ತೆ, ಹೌದು ಸ್ವಾಮಿ," ತೂತಿನೊಳಗಿಂದ ಚೌಡಯ್ಯನ ದನಿ ಬಂತು. "ಅದಕ್ಕೇ ಹಿಂದೆ ಮುಂದೆ ಆಡಿಸ್ತೀನಿ. ಎಲ್ಲಕ್ಕಿಂತ ಕಮ್ಮಿ ಯಾವುದು ಬರುತ್ತೋ ಅದೇ ನಿಜವಾದ್ದು. ನಿಮ್ಮಪ್ಪಾಜಿ ಹೇಳಿಕೊಟ್ಟಿದ್ದು. ಓದ್ರಮ್ಮ."

ಅವನು ಕೋಲನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿದ, ಹಿಂದಕ್ಕೆ ಬಾಗಿಸಿದ. ಅಕ್ಷರಾ ಓದಿದಳು. ಎಂಬತ್ತೊಂಬತ್ತು. ಎಂಬತ್ತೇಳು. ಎಂಬತ್ತೈದು. ಮತ್ತೆ ಎಂಬತ್ತಾರು. ಎಂಬತ್ತೈದಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಈ ಸಲ ಅವಳು ಯಾರ ಮುಖವನ್ನೂ ನೋಡಲಿಲ್ಲ. "ಎರಡು ಎಂಬತ್ತೈದೇ ಸಾರ್. ಮೋರಿಗಿಂತ ಇಲ್ಲೇ ತಗ್ಗು."

ಚೌಡಯ್ಯ ಕೋಲನ್ನು ಮೇಲಕ್ಕೆ ಕೊಟ್ಟ. ಆಮೇಲೆ ಬಾಗಿದ. ಎರಡು ಕೈಯಲ್ಲಿ ಕಲ್ಲನ್ನು ತಬ್ಬಿದ. ಎದೆಗೆ ಎತ್ತಿದ. ಎದೆಯಿಂದ ಹೆಗಲಿಗೆ. ಸೊಂಟದಲ್ಲಿ ಏನೋ ಹರಿದಂತಾಯಿತು. ಬಾಯಿ ಸಣ್ಣದು, ಕಲ್ಲು ಒಂದು ಕಡೆ, ಅವನು ಒಂದು ಕಡೆ. ಮೇಲಿದ್ದವರು ಆರು ಜನ. ಯಾರೂ ಕೈ ಕೊಡಲಿಲ್ಲ. ಕಲ್ಲಿನಿಂದ ಕೊಳಚೆ ಸುರಿಯುತ್ತಿತ್ತು. ಕೊನೆಗೆ ಬಣ್ಣದ ಬಿಲ್ಲೆಯ ಮೇಲೆ ಕಲ್ಲು ಉರುಳಿತು.

"ಇದ್ರ ಮೇಲೆ ಹಿಡಿ ಅಂದಿದ್ರು," ಅಂದ. "ಹಿಡಿಯಲ್ಲ ಸ್ವಾಮಿ. ಆಗಲ್ಲ ನನ್ನ ಕೈಲಿ."

ಷಡಕ್ಷರಪ್ಪನವರು ಕಲ್ಲು ನೋಡಿದರು. ಕೈಯಲ್ಲಿದ್ದ ಪುಸ್ತಕ ತಿರುವಿದರು. ಒಂದು ಹಾಳೆಯಲ್ಲಿ ನಿಂತರು.

"ಈ ಫೋಟೋದಲ್ಲಿರೋದು ನೀನೇ ಅಲ್ವೇನಪ್ಪ? 'ಸ್ಥಳೀಯ ನಿವಾಸಿ ಸಲಹೆ ನೀಡುತ್ತಿರುವುದು' ಅಂತಿದೆ. ನೀನು ಇಲ್ಲಿಯ ನಿವಾಸಿಯೋ, ಸ್ಟಾಫ್ ಹಿಡಿಯೋನೋ?"

ಚೌಡಯ್ಯ ತೂತಿನಿಂದ ಎದೆಮಟ್ಟ ಹೊರಗಿದ್ದ. "ಎರಡೂ ಹೌದು ಸ್ವಾಮಿ. ಎರಡಕ್ಕೂ ಯಾರೂ ಏನೂ ಕೇಳಿಲ್ಲ."

ಮುದುಕರು ಪುಸ್ತಕ ಮುಚ್ಚಿದರು. "ಕೇರಿ ಒಳಗಿನ ಅಳತೆ ಪುಸ್ತಕ ಬೇಕು ಪ್ರಸನ್ನ," ಅಂದರು. "ಇಲ್ಲದಿದ್ರೆ ಮತ್ತೆ ಅಳೆಸು." ಹೋಗಿ ಕಾರು ಹತ್ತಿದರು. ಅವರೂ ಕೇರಿಯೊಳಗೆ ಇಳಿಯಲಿಲ್ಲ. ಅದನ್ನೂ ಹೇಳಬೇಕು.

ಶಿವಕುಮಾರ್ ಹತ್ತಿರ ಬಂದು ಹಲ್ಲು ಕಚ್ಚಿ ಅಂದ: "ಅನ್ನಕ್ಕೆ ಕಲ್ಲು ಹಾಕ್ಕೊಂಡೆ. ನಾಳೆಯಿಂದ ಬರಬೇಡ."

"ಕಲ್ಲು ಹಾಕಿದೋನು ನೀನು," ಅಂದ ಚೌಡಯ್ಯ. "ನಾನು ತೆಗೆದೆ."

ಕೇರಿಯ ಹೆಂಗಸರು ಏಳು ಕೊಡ ನೀರಿನಲ್ಲಿ ಕಲ್ಲು ತೊಳೆದರು. ಆದರೂ ವಾಸನೆ ಹೋಗಲು ಮೂರು ಶುಕ್ರವಾರ ಹಿಡಿಯಿತು.

ಪ್ರಶಸ್ತಿ ಬರಲಿಲ್ಲ. ಮಳೆ ಬಂತು. ನೀರಿಗೆ ಶನಿವಾರದ ಸಂಗತಿ ಏನು ಗೊತ್ತು? ಹೋದ ವರ್ಷದ ದಾರಿಯಲ್ಲೇ ಕೇರಿಗೆ ನುಗ್ಗಿತು. ಚೌಡಯ್ಯ ಏಳರ ಬಸ್ಸಿಗೆ ಹೋಗುವ ಹಾಗಿಲ್ಲ. ಮನೆಯಲ್ಲೇ ಕೂತು ತೋಡಿದ. ಸೊಂಟ ಹಿಡಿದಿತ್ತು.

"ಸತ್ಯ ಹೇಳಿದ್ಯಲ್ಲ," ಕಾಶಮ್ಮ ಮಂಚದ ಮೇಲಿಂದ ಅಂದಳು. "ನೀರೇನು ನಾಚ್ಕೊಂಡು ವಾಪಸ್ ಹೋಯ್ತಾ?"

"ಇಲ್ಲ ಮಾರಾಯ್ತಿ."

"ಮತ್ತೆ?"

"ಮತ್ತೇನಿಲ್ಲ. ಬಕೆಟ್ ಕೊಡು."

ಅವಳು ಕೊಟ್ಟಳು. ಕೊಡುವಾಗ ಅವನ ಬಲಗೈಯನ್ನು ಒಂದು ಗಳಿಗೆ ಹಿಡಿದು ಬಿಟ್ಟಳು.

ಮಳೆ ಬಿಟ್ಟ ನಾಲ್ಕನೇ ದಿನ ಅಕ್ಷರಾ ಬಂದಳು. ಆಟೋದಲ್ಲಿ ಒಬ್ಬಳೇ. ಮಿಷನ್ ಇತ್ತು, ಕೋಲು ಇತ್ತು. ಕೇರಿಯ ಬಾಯಿಯಲ್ಲಿ ನಿಂತು ಚಪ್ಪಲಿಯನ್ನೂ ಕೆಸರನ್ನೂ ನೋಡಿದಳು.

"ಕೇರಿ ಒಳಗಿನ ಲೆವೆಲ್ ಬೇಕು ಅಂತ ಷಡಕ್ಷರಪ್ಪನವರ ಕಾಗದ ಬಂದಿದೆ, ಚೌಡಯ್ಯ. ಸಾರ್ ನನ್ನೊಬ್ಬಳನ್ನೇ ಕಳಿಸಿದ್ರು. ಇಲ್ಲಿಗೆ ಅಂದಿದ್ದಕ್ಕೆ ಸ್ಟಾಫ್ ಹಿಡಿಯೋಕೆ ಯಾರೂ ಬರಲ್ಲ ಅಂದ್ರು." ಅವಳು ತಡವರಿಸಿದಳು. "ನೀವು ಹಿಡೀತೀರಾ?"

ಚೌಡಯ್ಯ ಜಗಲಿಯ ಮೇಲೆ ಕೂತಿದ್ದ. ಕೋಲನ್ನು ನೋಡಿದ. ಇಪ್ಪತ್ತೆರಡು ವರ್ಷದ ಕೈಗುರುತು ಅದರ ಮೇಲಿತ್ತು.

"ಹಿಡಿಯಲ್ಲ," ಅಂದ.

"ಮತ್ತೆ ಹೆಂಗೆ..."

"ನೀವು ಹಿಡೀರಿ. ನಾನು ನೋಡ್ತೀನಿ."

ಅಕ್ಷರಾ ಅವನನ್ನೇ ನೋಡಿದಳು. ಬೇವಿನ ಮರದಡಿಯ ಹೆಂಗಸರು ಇತ್ತ ತಿರುಗಿದರು. ಅವಳು ಚಪ್ಪಲಿ ಬಿಟ್ಟಳು. ಸ್ಟ್ಯಾಂಡ್ ನಿಲ್ಲಿಸಿ, ತಿರುಪು ತಿರುಗಿಸಿ, ಮಟ್ಟದ ಗುಳ್ಳೆ ನಡುವಿಗೆ ತಂದು, ಕೋಲು ಎತ್ತಿಕೊಂಡಳು.

"ಎಲ್ಲಿ ಹಿಡೀಲಿ?"

"ಹೊರಗಲ್ಲ. ಬಾಗಿಲು ದಾಟಿ. ಒಲೆ ಹತ್ರ."

ಅವಳು ಕೆಸರಿನಲ್ಲಿ ಮೊಣಕಾಲು ಅದ್ದಿಕೊಂಡು ನಡೆದಳು. ಹೊಸ್ತಿಲಲ್ಲಿ ತಲೆ ಬಗ್ಗಿಸಿದಳು. ಒಳಗೆ ಇನ್ನೂ ಇಂಗದ ನೀರಿನಲ್ಲಿ ನಿಂತು ಕೋಲು ಊರಲು ಹೋದಳು.

"ಬುಡ ಒರೆಸ್ರಿ," ಅಂದ ಚೌಡಯ್ಯ.

ಅವಳು ಸುತ್ತ ನೋಡಿದಳು, ಬಟ್ಟೆ ಕಾಣಲಿಲ್ಲ. ವೇಲಿನ ತುದಿಯಿಂದ ಒರೆಸಿದಳು.

ಚೌಡಯ್ಯ ಜಗಲಿಯಿಂದ ಎದ್ದ. ಸೊಂಟ ಹಿಡಿದುಕೊಂಡು ಮಿಷನ್ನಿನ ಹಿಂದೆ ಹೋಗಿ ನಿಂತ. ಚೌಡಮ್ಮಾ ಅಂದುಕೊಂಡ. ಬಗ್ಗಿದ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗೆ ಹಚ್ಚಿದ.

ಹೇಳಿದ್ದು ನಿಜ. ಎಲ್ಲವೂ ತಲೆಕೆಳಗು. ನೀರು ಮೇಲಿತ್ತು. ಒಲೆ ನೀರಿಗೆ ನೇತುಬಿದ್ದಿತ್ತು. ಎಂಜಿನಿಯರಮ್ಮನ ಕಾಲು ಮೇಲೆ, ತಲೆ ಕೆಳಗೆ. ಕೋಲಿನ ಅಂಕಿಗಳೂ ಮಗುಚಿಕೊಂಡಿದ್ದವು. ಆದರೆ ಅವು ಅವನು ದಿನವೂ ಒರೆಸಿದ ಅಂಕಿಗಳು, ಹೇಗೆ ಮಗುಚಿದರೂ ಗುರುತು ಸಿಗುತ್ತವೆ. ನಡುವಿನ ಗೆರೆಯ ಮೇಲೆ ಅಂಕಿ ಅಲುಗಾಡುತ್ತಿತ್ತು.

"ಎಷ್ಟು ಬಂತು ಚೌಡಯ್ಯ?" ಒಳಗಿನಿಂದ ಅಕ್ಷರಾ ಕೂಗಿದಳು.

ಚೌಡಯ್ಯ ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಅವಸರವನ್ನೂ ಮಾಡಲಿಲ್ಲ.

"ವಾಲ್ತಾ ಐತೆ," ಅಂದ. "ನೆಟ್ಟಗೆ ಹಿಡೀರಮ್ಮ."